ಇನ್ನೇನು ಹತ್ತು ಮಿನಿಟ

“ವಿಮಾನ ಎಷ್ಟೊತ್ತಿಗೆ ಮುಟ್ಟತೈತಿ ಅಂತ ಯಾರೂ ನನಗ ಹೇಳಬ್ಯಾಡ್ರಿ. ನಾ ಹೇಳ್ತೇನಿ!” ಎಂದು ಹುಸೇನಸಾಬ ಸಾರಿಬಿಟ್ಟ. ಇಪ್ಪತ್ತೆರಡು ವರ್ಷ ಇಳಕಲ್ಲಿನಿಂದ ಬಾಗಲಕೋಟೆಗೆ ಬಾಡಿಗೆಯ ಕ್ರೂಸರ್ ಜೀಪು ಓಡಿಸಿದವನು. ಬಿಡುವ ಹೊತ್ತು, ಮುಟ್ಟುವ ಹೊತ್ತು ಅವನಿಗೆ ಬಾಯಿಪಾಠ.

ಹೆಂಡತಿ ಅಮೀನಬಿ ಉಮ್ರಾ ಯಾತ್ರೆಗೆಂದು ಮೆಕ್ಕಾಕ್ಕೆ ಹೊರಟಿದ್ದಳು. ಓಣಿಯ ಹೆಂಗಸರ ಸಂಗಡ ಹಿಂದಿನ ದಿನವೇ ಬಸ್ಸು ಹತ್ತಿ ಹೈದರಾಬಾದ್ ಸೇರಿದ್ದಳು. ಅಲ್ಲಿಂದ ಜಿದ್ದಾಕ್ಕೆ ವಿಮಾನ. ಟಿಕೆಟ್ಟಿನ ಝೆರಾಕ್ಸ್ ಹುಸೇನಸಾಬನ ಕಿಸೆಯಲ್ಲಿತ್ತು: ಬಿಡುವುದು ಮಧ್ಯಾಹ್ನ ಎರಡಕ್ಕೆ, ಇಳಿಯುವುದು ಐದೂವರೆಗೆ.

“ನಾಕು ಸಾವಿರ ಕಿಲೋಮೀಟರ. ಮೂರೂವರಿ ತಾಸು,” ಎಂದ ಅತ್ತೆ ದೌಲತಬಿಗೆ.

“ಇಷ್ಟ ಲಗೂನ? ಬಾಗಲಕೋಟಿಗೇ ನೀವು ಎರಡು ತಾಸು ಮಾಡ್ತೀರಲ್ರಿ ಅಳಿಯಂದ್ರ!”

“ಮ್ಯಾಲ ಹಂಪ್ ಇಲ್ರಿ. ಕೈ ಮಾಡಿದಲ್ಲೆಲ್ಲಾ ನಿಂದ್ರಸೂದಿಲ್ಲ.”

ಮಗಳನ್ನು ಕಳಿಸಲು ಶಿರೂರಿನಿಂದ ಬಂದಿದ್ದ ಮುದುಕಿಗೆ ಸಮಾಧಾನವಾಯಿತು. ಆ ಸಮಾಧಾನದಲ್ಲೇ ಹರಕೆ ಹೊತ್ತಳು: “ಆಕಿ ಕಾಲು ನೆಲಕ್ಕ ಹತ್ತೂತನಕ ನಾ ತುತ್ತು ಮುಟ್ಟಾಂಗಿಲ್ಲ. ಮೂರೂವರಿ ತಾಸು ಅಷ್ಟ ಅಲ್ಲ?”

ಆಕೆಗೆ ಸಕ್ಕರೆ ಕಾಯಿಲೆ. ಗುಳಿಗೆ ನುಂಗುವುದು ಊಟದ ಮೇಲೆಯೇ. ವಿಮಾನ ಹತ್ತುವ ಮುಂಚೆ ಅಮೀನಬಿ ಫೋನಿನಲ್ಲಿ ಹೇಳಿದ್ದೂ ಒಂದೇ ಮಾತು: “ಅವ್ವನ ಊಟ ನೋಡ್ಕೋರಿ.”

ಐದೂವರೆ ಆಯಿತು. ಫೋನು ಬರಲಿಲ್ಲ.

“ಇನ್ನೇನು ಹತ್ತು ಮಿನಿಟ,” ಎಂದ ಹುಸೇನಸಾಬ.

ಆರಕ್ಕೂ ಹತ್ತು ಮಿನಿಟ. ಆರೂವರೆಗೂ ಹತ್ತು ಮಿನಿಟ! ಇವನೇ ಫೋನು ಹಚ್ಚಿದರೆ ಅದು ಬಂದ್. ದೌಲತಬಿಯ ಗುಳಿಗೆಯ ಹೊತ್ತೂ ಮೀರಿತ್ತು. ಅವನು ರೊಟ್ಟಿ, ಪುಂಡಿಪಲ್ಯ ತಂದು ಮುಂದಿಟ್ಟ.

“ಉಣ್ರಿ ಅತ್ತಿ. ಮುಟ್ಟಿರತಾಳ.”

“ಆಕಿ ಹೇಳ್ಯಾಳೇನು?”

“ಇಲ್ರಿ. ನಾ ಹೇಳ್ತೇನಲ್ಲ.”

“ನಿಮ್ಮ ಹತ್ತು ಮಿನಿಟ ನನಗ ಗೊತ್ತಿಲ್ಲೇನ್ರಿ? ನಿಮ್ಮ ಗಾಡ್ಯಾಗ ಕುಂತಾಗ ಹುನಗುಂದದಾಗೂ ಹತ್ತು ಮಿನಿಟ ಅಂದ್ರಿ, ಅಮೀನಗಡದಾಗೂ ಹತ್ತು ಮಿನಿಟ ಅಂದ್ರಿ!”

ಪಕ್ಕದ ಮನೆಯ ವಿಜಯಮಹಾಂತೇಶ ಗೋಡೆಯ ಮೇಲಿಂದ ಇಣುಕಿ, ಧೈರ್ಯ ಹೇಳಲೆಂದೇ, “ಟಿವ್ಯಾಗಂತೂ ಇನ್ನೂ ಏನೂ ಬಂದಿಲ್ಲ ಬಿಡ್ರಿ,” ಎಂದ. ದೌಲತಬಿ ಗಟ್ಟಿಯಾಗಿ ಅಳತೊಡಗಿದಳು. ಓಣಿಯೆಲ್ಲ ಅಂಗಳದಲ್ಲಿ ಕೂಡಿತು. ಹುಸೇನಸಾಬ ಹತ್ತು ಮಿನಿಟ ಅನ್ನುವುದನ್ನೂ ಬಿಟ್ಟು ಮತ್ತೆ ಮತ್ತೆ ಫೋನು ಹಚ್ಚಿದ.

ಎಂಟು ದಾಟಿದ ಮೇಲೆ ಫೋನು ಹೊಡೆದುಕೊಂಡಿತು.

“ಇಳದೇನ್ರಿ! ಟೈಮಿಗೆ ಸರಿಯಾಗಿ. ಇಲ್ಲೆ ಈಗ ಐದೂವರಿ ಆಗೇತಿ,” ಎಂದಳು ಅಮೀನಬಿ.

ಅವನು ಗೋಡೆಯ ಗಡಿಯಾರ ನೋಡಿದ. ಟಿಕೆಟ್ ನೋಡಿದ. ಮತ್ತೆ ಗಡಿಯಾರ ನೋಡಿದ.

“ಇಲ್ಲೆ ಎಂಟಾಗೇತಲ್ಲ!”

“ಹೌದ್ರಿ, ನಮ್ಮ ಗಡಿಯಾರಕ್ಕೂ ಇಲ್ಲಿ ಗಡಿಯಾರಕ್ಕೂ ಎರಡೂವರಿ ತಾಸು ಫರಕಂತ. ಅದಿರಲಿ, ಅವ್ವ ಉಂಡಳೇನ್ರಿ?”

ಹುಸೇನಸಾಬ ಫೋನನ್ನು ಅತ್ತೆಯ ಕೈಗೆ ಕೊಟ್ಟ.

ಮಗಳ ದನಿ ಕೇಳಿದ ದೌಲತಬಿ ಕಣ್ಣೊರೆಸಿಕೊಂಡು ತಾಟು ಎಳೆದುಕೊಂಡಳು. ಎರಡು ರೊಟ್ಟಿ ಮುಗಿಸಿ, ಗುಳಿಗೆ ನುಂಗಿ, ನೀರು ಕುಡಿದು ಕೇಳಿದಳು: “ತಿರುಗಿ ಬರಾಕ ಎಷ್ಟು ತಾಸ್ರಿ?”

ಅವನು ಝೆರಾಕ್ಸ್ ಬಿಡಿಸಿದ. ಬಿಡುವುದು ಮುಂಜಾನೆ ಒಂಬತ್ತಕ್ಕೆ, ಇಳಿಯುವುದು ಸಂಜೆ ಐದೂವರೆಗೆ. “ಎಂಟೂವರಿ... ಅಲ್ಲಲ್ಲ, ಆರು...”

“ಎಷ್ಟರ ಆಗಲಿ. ಆವತ್ತಿನ ಉಪಾಸ ನಿಮ್ದು,” ಎಂದಳು ದೌಲತಬಿ. “ಹಸಿವಾದ್ರ ನನ್ನ ಕೇಳ್ರಿ. ಇನ್ನೇನು ಹತ್ತು ಮಿನಿಟ ಅಂತ ನಾ ಹೇಳ್ತೇನಿ.”