ಬೆಕ್ಕಿನ ಬಲಗಣ್ಣಿಗೆ ಎರಡು ಹನಿ

ಟಪ್! ಎಪ್ಪತ್ತರ ದಶಕದಲ್ಲಿ ರಿಪ್ಪನ್‌ಪೇಟೆಯ ನಮ್ಮ ಮನೆಗೆ ಬೆಳಗಾಗುತ್ತಿದ್ದುದೇ ಮಗಳು ಸುಮಳ ಕನ್ನಡಕದ ಡಬ್ಬಿಯ ಸದ್ದಿನಿಂದ. ಒಂಬತ್ತು ವರ್ಷದ ಹುಡುಗಿ. ವರ್ಷ ವರ್ಷಕ್ಕೂ ಗಾಜು ದಪ್ಪವಾಗುತ್ತಿತ್ತು. ನನಗೆ ನಿಂತಲ್ಲಿ ನಿಲ್ಲಲಾಗದು, ಕೂತಲ್ಲಿ ಕೂರಲಾಗದು.

ಆಗ ಒಂದು ಇಂಗ್ಲಿಷ್ ಮ್ಯಾಗಜಿನ್ ಸಿಕ್ಕಿತು. ಮಯೋಪಿಯಾ, ಅಂದರೆ ದೂರದ್ದು ಮಸುಕಾಗಿ ಕಾಣುವ ದೋಷ, ಏರದಂತೆ ತಡೆಯಲು ವಿದೇಶದಲ್ಲಿ ಅಟ್ರೊಪಿನ್ ಎಂಬ ಹನಿಮದ್ದನ್ನು ಮೊದಲು ಪ್ರಾಣಿಗಳ ಕಣ್ಣಿಗೆ ಹಾಕಿ ನೋಡುತ್ತಿದ್ದಾರಂತೆ. ಅರೆ! ಕಣ್ಣಿನ ಟೆಸ್ಟಿಗೆ ಮುಂಚೆ ಸುಮಳಿಗೆ ಬಿಡಲು ಸಾಗರದ ಡಾಕ್ಟರು ಕೊಟ್ಟಿದ್ದ ಅದೇ ಮದ್ದಿನ ಬಾಟಲಿ ನಮ್ಮ ಕಪಾಟಿನಲ್ಲಿ ಅರ್ಧ ಉಳಿದಿತ್ತು!

"ಡಾಕ್ಟರನ್ನ ಒಂದ್ಮಾತು ಕೇಳು ಮಾರಾಯ್ತಿ," ಎಂದರು ನಮ್ಮವರು.

"ನಾನು ಕಾನ್ವೆಂಟಲ್ಲಿ ಸೈನ್ಸ್ ಓದಿದವಳು ರೀ! ಮೊದ್ಲು ಪ್ರಾಣಿ, ಆಮೇಲೆ ಮಗಳು."

ಪ್ರಾಣಿ ತಾನಾಗಿಯೇ ಬಂತು. ಪಕ್ಕದ ಮನೆ ಕಾವೇರಮ್ಮನ ಬಿಳಿ ಬೆಕ್ಕು. ನೋಟ್‌ಬುಕ್ಕಿನಲ್ಲಿ ಬರೆದೆ: ಬಲಗಣ್ಣಿಗೆ ಮದ್ದು, ಎಡಗಣ್ಣು ಹಾಗೇ, ಹೋಲಿಸಿ ನೋಡಲು. ಬೆಕ್ಕನ್ನು ಟವೆಲಿನಲ್ಲಿ ಸುತ್ತಿ ಎರಡು ಹನಿ ಬಿಟ್ಟೆ.

ಕಣ್ಣಿನ ಮದ್ದು ಗಂಟಲಿಗಿಳಿದು ವಿಪರೀತ ಕಹಿಯಾಗುತ್ತದೆಂದು ಆ ಮ್ಯಾಗಜಿನ್ ಹೇಳಿರಲಿಲ್ಲ. ಬೆಕ್ಕು ಬಾಯ್ತುಂಬ ನೊರೆ ಸುರಿಸುತ್ತ ತನ್ನ ಮನೆಗೆ ಓಡಿತು. ಹಿಡಿಯಹೋದ ಆ ಮನೆಯ ಐದು ಮಂದಿಯನ್ನೂ ಪರಚಿ ಅಟ್ಟ ಹತ್ತಿತು!

"ಹುಚ್ಚು ಹಿಡ್ದದೆ! ಮಾವಯ್ಯ, ಕೋವಿ ತಗಂಡ್ ಬನ್ನಿ!" ಕಾವೇರಮ್ಮ ಕೂಗಿದರು.

ಆಗೆಲ್ಲ ಹುಚ್ಚು ಪ್ರಾಣಿ ಪರಚಿದರೆ ಹೊಕ್ಕುಳ ಸುತ್ತ ಹದಿನಾಲ್ಕು ಇಂಜೆಕ್ಷನ್. ಐದು ಮಂದಿಯೂ ಸಾಗರದ ಬಸ್ಸಿಗೆ ಹೊರಟು ನಿಂತರು. ಕಾವೇರಮ್ಮನ ಮಾವ ಕೋವಿ ಹಿಡಿದು ಅಟ್ಟದ ಏಣಿ ಹತ್ತತೊಡಗಿದರು. ಬೇಲಿಯ ಬಳಿ ನಾನು ಅತ್ತಿಂದಿತ್ತ ನಾಲ್ಕು ಸಲ ಸುತ್ತಿದೆ. ಮರ್ಯಾದೆಯೋ, ಬೆಕ್ಕಿನ ಜೀವವೋ?

"ಹೊಡೀಬೇಡಿ! ಅದಕ್ಕೆ ಹುಚ್ಚಿಲ್ಲ, ಮಯೋಪಿಯಾ ಎಕ್ಸ್‌ಪೆರಿಮೆಂಟ್!"

ಬಾಟಲಿ ತೋರಿಸಿ ಎಲ್ಲವನ್ನೂ ಒಪ್ಪಿಕೊಂಡೆ. ಕಾವೇರಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಎಂತ, ನಮ್ ಬೆಕ್ಕು ಪೇಪರ್ ಓದ್ಬೇಕಿತ್ತಾ? ಹುಚ್ಚು ಯಾರಿಗೆ ಅಂತ ಈಗ ಗೊತ್ತಾಯ್ತು ಬಿಡಿ!"

ಪೋಸ್ಟಾಫೀಸಿನಿಂದ ಡಾಕ್ಟರಿಗೆ ಟ್ರಂಕ್ ಕಾಲ್ ಮಾಡಿ, ನೊರೆ ಬಂದದ್ದು ಮದ್ದಿನ ಕಹಿಗೆ ಎಂದು ಖಚಿತಪಡಿಸಿಕೊಂಡು, ಅವರ ಬೈಗುಳವನ್ನು ನಮ್ಮವರು ನನ್ನ ಪರವಾಗಿ ಸ್ವೀಕರಿಸಿದ ಮೇಲೆಯೇ ಕೋವಿ ಒಳಗೆ ಹೋಯಿತು.

"ಅಮ್ಮಾ, ನಂಗೆ ಕನ್ನಡಕಾನೇ ಸಾಕು," ಎಂದಳು ಸುಮ. ಮದ್ದನ್ನು ಚೆಲ್ಲಿದೆ. ಅವಳ ಪವರ್ ಮತ್ತೂ ಏರಿತು, ನನ್ನ ಸಂಕಟವೂ.

ಕಾವೇರಮ್ಮನನ್ನು ಕೊನೆಯ ಸಲ ನೋಡಿದ್ದು ಅವರು ತೀರ್ಥಹಳ್ಳಿಗೆ ಮನೆ ಬದಲಿಸಿದ ದಿನ. ಬಸ್ಸಿನ ಕಿಟಕಿಯಿಂದ ನಗುತ್ತ ಕೈ ಬೀಸಿದರು. ಅವರ ಮಡಿಲಿನ ಬುಟ್ಟಿಯಿಂದ ಬೆಕ್ಕು ತಲೆ ಎತ್ತಿತು. ರಸ್ತೆಯಾಚೆ, ಅಷ್ಟು ಜನರ ನಡುವೆ, ನನ್ನೊಬ್ಬಳನ್ನೇ ಗುರುತಿಸಿ ತಟ್ಟನೆ ಬುಟ್ಟಿಯೊಳಗೆ ಮುಳುಗಿತು.

ದೂರದ ನೋಟ ಪರ್ಫೆಕ್ಟ್! ನನ್ನ ವಿಜ್ಞಾನಕ್ಕೆ ಸಿಕ್ಕ ಏಕೈಕ ರಿಸಲ್ಟ್ ಅದು.