ಹನ್ನೆರಡು ಹೆಜ್ಜೆ ಪಡುವಣಕ್ಕೆ

ನನ್ನಂಥ ಮುಂದಾಲೋಚನೆಯ ಮನುಷ್ಯನಿಗೆ ನನ್ನ ಮನೆಯಲ್ಲಿ ಕವಡೆ ಕಿಮ್ಮತ್ತಿಲ್ಲ. ಈಗಿನ ಬಂಗಾರಪೇಟೆ ಆಗ ಬೌರಿಂಗ್‌ಪೇಟೆ. ಅಲ್ಲಿನ ವರ್ತಕರ ಸಂಘಕ್ಕೆ ಕೋದಂಡಪ್ಪನಾದ ನಾನೇ ಕಾರ್ಯದರ್ಶಿ. ಸಂಘದಲ್ಲಿ ನನಗೆ ಕುರ್ಚಿ ಇತ್ತು. ಮನೆಯಲ್ಲಿ ಮಣೆ, ಅದೂ ನನ್ನ ಹೆಂಡತಿ ವೆಂಕಟರತ್ನಮ್ಮ ಎದ್ದು ಹೋದ ಮೇಲೆ.

ಚಿನ್ನದ ಗಣಿಯ ಕೂಲಿ ಲೈನುಗಳ ಸಾಲುಮನೆಗಳಿಗೆ ಅಕ್ಕಿ ರೈಲಿನಲ್ಲೇ ಬರಬೇಕು. "ಒಂದು ವಾರ ರೈಲು ನಿಂತರೆ ಆ ಜನರ ಗತಿಯೇನು?" ಎಂದು ನಾನು ಒಂದು ಸಭೆಯಲ್ಲಿ ಗುಡುಗಿದೆ. (ಮಲಗಿದ್ದವರೆಲ್ಲ ಎದ್ದರು.) ವರ್ತಕರು ತಲೆಗಿಷ್ಟು ಎಂದು ರಾಗಿ ಕೊಟ್ಟರು, ಎರಡು ಗಾಡಿ ತುಂಬುವಷ್ಟು, ಹದಿನೆಂಟು ಪಲ್ಲವಾಯಿತು. ಅದನ್ನು ನನ್ನ ಹಿತ್ತಲಲ್ಲಿ ಹಗೇವು ತೋಡಿ, ಎಂದರೆ ನೆಲದೊಳಗೆ ಹೂಜಿಯ ಆಕಾರದ ಕಣಜ ಮಾಡಿ, ತುಂಬಿಸಿದೆವು. ಕಳ್ಳರಿಗೆ ಸುಳಿವು ಸಿಗದಂತೆ ಬಾಯಿಗೆ ಚಪ್ಪಡಿ ಮುಚ್ಚಿ, ಮಣ್ಣೆಳೆದು, ಮೇಲೆ ಅವರೆ ಬಿತ್ತಿಸಿದೆ. ಗುರುತು ನನ್ನ ತಲೆಯಲ್ಲಿತ್ತು: ನುಗ್ಗೆ ಮರದಿಂದ ಹನ್ನೆರಡು ಹೆಜ್ಜೆ ಪಡುವಣಕ್ಕೆ.

ನಾನು ಸತ್ತುಗಿತ್ತರೆ ಎಂದು ಹೆಂಡತಿಗೂ ಜಾಗ ತೋರಿಸಿ, ದೀಪ ಮುಟ್ಟಿಸಿ ಆಣೆ ಮಾಡಿಸಿದೆ. ಆಣೆಯ ಒಕ್ಕಣೆ ನನ್ನದೇ. "ಗಂಡ ಗದರಿದರೂ, ಗೋಗರೆದರೂ, ಅತ್ತರೂ ಜಾಗ ಹೇಳಕೂಡದು. ಸಂಘದ ಅಧ್ಯಕ್ಷರು ಖುದ್ದಾಗಿ ಕೇಳಿದರೆ ಮಾತ್ರ ಹೇಳಬಹುದು." (ನನಗೆ ನೆಂಟರು ಬಹಳ, ಮನಸ್ಸು ಮೆತ್ತಗೆ. ನನ್ನ ಮೇಲೆ ನನಗೇ ನಂಬಿಕೆ ಇರಲಿಲ್ಲ.)

ಎರಡು ವರ್ಷ ಕಳೆದವು. ಕಾರ್ತಿಕದ ಮಳೆಗೆ ಎಲ್ಲೋ ಕೆಳಗಡೆ ಹಳಿ ಕೊಚ್ಚಿಹೋಗಿ ಐದು ದಿನ ಒಂದು ವ್ಯಾಗನ್ನೂ ಬರಲಿಲ್ಲ. ಆರನೆಯ ಬೆಳಿಗ್ಗೆ ನಮ್ಮ ಅಧ್ಯಕ್ಷ ಅಶ್ವತ್ಥಪ್ಪನವರು ಎರಡು ಎತ್ತಿನ ಗಾಡಿಗಳೊಂದಿಗೆ ಬಾಗಿಲಿಗೆ ಬಂದರು. ಜೊತೆಯಲ್ಲಿ ಕೋರಮಂಡಲ್ ಲೈನಿನ ಮೇಸ್ತ್ರಿ ಕುಪ್ಪುಸ್ವಾಮಿ.

"ಲೈನ್ನಾಗೆ ಒಲೆ ಅಚ್ಚಿ ಎಲ್ಡು ದಿನ ಆಯ್ತು ಸಾಮಿ," ಎಂದ ಕುಪ್ಪುಸ್ವಾಮಿ. "ಮಕ್ಳು ಅಳ್ತಾ ಅವೆ."

"ನಿನ್ನ ಮುಂದಾಲೋಚ್ನೆ ಇವತ್ತು ಕೈ ಇಡೀತಪ್ಪ ಕೋದಂಡಪ್ಪ," ಎಂದರು ಅಶ್ವತ್ಥಪ್ಪ. "ತಗೀ ಹಗೇವು."

ನಾನು ಎದೆಯುಬ್ಬಿಸಿಕೊಂಡು ಹಿತ್ತಲಿಗೆ ಹೋದೆ. ನುಗ್ಗೆ ಮರ ಇರಲಿಲ್ಲ.

ಅದು ಆಷಾಢದ ಗಾಳಿಗೇ ಮುರಿದು ಬಿದ್ದಿತ್ತು. ಕಾಲಿಗೆ ತಡೆಯುತ್ತದೆಂದು ಬುಡವನ್ನು ಕಿತ್ತು ನೆಲ ಸಮ ಮಾಡಿಸಿದ್ದೂ ನಾನೇ. ಅತ್ತ ಮಕ್ಕಳು ಹಸಿದಿವೆ, ಇತ್ತ ನನ್ನ ಮಾನ, ನಡುವೆ ಅರ್ಧ ಎಕರೆ ಅವರೆ ಗಿಡ.

ಮೂಲೆಯಲ್ಲಿ ಬೋರಲು ಹಾಕಿದ ಹಳೆಯ ಒರಳಿನ ಮೇಲೆ ಕುಳಿತು ವೆಂಕಟರತ್ನಮ್ಮ ಮೊರದಲ್ಲಿ ಕಾಳು ಕೇರುತ್ತಿದ್ದಳು.

"ಎಲ್ಲೇ ಹಗೇವು?" ಎಂದು ಗದರಿದೆ.

"ಆಣೆ ಐತೆ."

"ಆಣೆ ಮಾಡಿಸಿದವನೇ ಕೇಳ್ತಿದೀನಿ!"

"ಗದರಿದ್ರೂ ಯೇಳಬೇಡ ಅಂದವ್ರೂ ನೀವೇ. ಆಣೆ ತಪ್ಪಿ ನನ್ ತಾಳಿಗೆ ಕೇಡು ತಂದ್ಕೊಳ್ಳಾ? ಅಧ್ಯಕ್ಷ್ರನ್ನ ಕರೀತೀನಿ, ಒಂದು ಮಾತು ಕೇಳ್ಲಿ, ಯೇಳ್ತೀನಿ."

"ಬಾಯಿ ಮುಚ್ಚು! ಕಾರ್ಯದರ್ಶಿ ಜಾಗ ಮರೆತ ಅಂತ ಊರೆಲ್ಲ ನಗಲಿ ಅಂತಲಾ?"

ಗುದ್ದಲಿ ತೆಗೆದುಕೊಂಡೆ. ಮೊದಲ ಗುಂಡಿಯಲ್ಲಿ ಮಣ್ಣು ಸಿಕ್ಕಿತು, ಎರಡನೆಯದರಲ್ಲೂ ಮಣ್ಣೇ. ಮೂರನೆಯದರಲ್ಲಿ ಠಣ್ ಎಂದಾಗ ಜೀವ ಬಂತು. ನೋಡಿದರೆ ನಮ್ಮಜ್ಜಿ ಕಳೆದುಕೊಂಡಿದ್ದ ಹಿತ್ತಾಳೆ ಚೊಂಬು.

"ತೆಗೆದ್ಯೇನಪ್ಪಾ?" ಜಗಲಿಯಿಂದ ಅಶ್ವತ್ಥಪ್ಪ ಕೂಗಿದರು.

"ಬಾಯಿ ತೆಗೆದಾಯ್ತು! ಗಾಳಿ ಆಡಲಿ ಅಂತ ಬಿಟ್ಟಿದ್ದೀನಿ!" ಎಂದೆ. ಹಗೇವಿನ ಬಾಯಿ ತೆಗೆದ ಕೂಡಲೇ ಯಾರೂ ಇಳಿಯುವಂತಿಲ್ಲ, ಒಳಗಿನ ಕೆಟ್ಟ ಗಾಳಿ ಪ್ರಾಣ ತೆಗೆಯುತ್ತದೆ. ಆ ಕೆಟ್ಟ ಗಾಳಿಯನ್ನು ನಂಬಿಕೊಂಡು ಇನ್ನೂ ಐದು ಗುಂಡಿ ತೋಡಿದೆ.

"ರತ್ನಾ, ನಿನ್ ಕಾಲಿಗೆ ಬೀಳ್ತೀನಿ ಕಣೆ." ಗೋಗರೆದೂ ಆಯಿತು.

"ಅಯ್ಯೋ ದೇವುಡಾ, ಬೀಳಬ್ಯಾಡಿ, ಗುಂಡಿ ಅವೆ. ಕರೀಲಾ ಅಧ್ಯಕ್ಷ್ರನ್ನ?"

"ಬೇಡ! ಆ ಒರಳಾದರೂ ಬಿಟ್ಟು ಏಳು, ಅಲ್ಲೂ ತೋಡ್ತೀನಿ!"

"ನಾ ಏಳಾಕಿಲ್ಲ," ಎಂದು ಮೊರ ಕುಟ್ಟಿದಳು.

ಹೊರಗೆ ಎತ್ತುಗಳ ಗೆಜ್ಜೆ ಅಲುಗಿತು. "ಇಲ್ಲಾ ಅಂದ್ರೆ ಇಲ್ಲಾ ಅನ್ನಿ ಸಾಮಿ. ಕ್ಯಾಸಂಬಳ್ಳಿ ಕಡೆ ಓಗಿ ಬೇಡ್ಕೊಂತೀನಿ," ಎಂದು ಕುಪ್ಪುಸ್ವಾಮಿ ಕೂಗಿದ. ನನಗೆ ನಾಚಿಕೆಯಾಯಿತು, ಒಂಬತ್ತನೆಯ ಗುಂಡಿಯಲ್ಲಿ ಸೊಂಟದ ಮಟ ನಿಂತು ನಾನು ಅತ್ತೇಬಿಟ್ಟೆ.

ತಲೆಯೆತ್ತಿದರೆ ಗುಂಡಿಯ ಅಂಚಿನಲ್ಲಿ ಅಶ್ವತ್ಥಪ್ಪ.

ಅವರು ಗುಂಡಿಗಳನ್ನು ನೋಡಿದರು, ನನ್ನನ್ನು ನೋಡಿದರು. ಆಣೆಯ ಸಂಗತಿಯೇ ತಿಳಿಯದ ಅವರು ಸಹಜವಾಗಿ ನನ್ನ ಹೆಂಡತಿಯ ಕಡೆ ತಿರುಗಿ, "ತಾಯಿ, ಹಗೇವು ಎಲ್ಲೈತಮ್ಮ?" ಎಂದರು.

ವೆಂಕಟರತ್ನಮ್ಮ ತಟ್ಟನೆ ಎದ್ದು, ಎರಡೂ ಕೈಯಿಂದ ಒರಳನ್ನು ಪಕ್ಕಕ್ಕೆ ಉರುಳಿಸಿದಳು.

"ಇಲ್ಲೇ ಐತಣ್ಣ. ಮರ ಬಿದ್ದ ದಿನಾನೇ ಒರಳು ಉಳ್ಳಿಸ್ಕೊಂಡು ಬಂದು ಗುರ್ತಿಗೆ ಇಟ್ಟೆ. ಇವ್ರು ಆಗ್ಲೇ ನಿಮ್ಮನ್ನ ಕರೆಯಾಕೆ ಬಿಟ್ಟಿದ್ರೆ ಇಷ್ಟೊತ್ತಿಗೆ ಲೈನ್ನಾಗೆ ಮುದ್ದೆ ಬೇಯ್ತಿತ್ತು."

ಮಣ್ಣು ತೆಗೆದು, ಚಪ್ಪಡಿ ಸರಿಸಿ, ನಿಜವಾಗಿಯೂ ಗಾಳಿಯಾಡಿಸಿ, ಹಗ್ಗದಲ್ಲಿ ದೀಪ ಇಳಿಬಿಟ್ಟೆವು. ದೀಪ ಆರಲಿಲ್ಲ. ರಾಗಿ ನಿನ್ನೆ ಒಕ್ಕಿದಂತಿತ್ತು. ಕುಪ್ಪುಸ್ವಾಮಿ ಹಿಡಿ ರಾಗಿಯನ್ನು ಕಣ್ಣಿಗೊತ್ತಿಕೊಂಡ. ಶಾಸ್ತ್ರದಂತೆ ಒಂದು ಎನ್ನದೆ "ಲಾಭ, ಎರಡು, ಮೂರು" ಎಂದು ಅಳೆದು ತುಂಬಿಸಿ, ಗಾಡಿಗಳು ಹೊರಟಾಗ ಇಳಿಹೊತ್ತು.

ಅಶ್ವತ್ಥಪ್ಪ ಅಲ್ಲೇ ನಿಂತು ಠರಾವು ಬರೆಸಿದರು, ನನ್ನ ಕೈಯಲ್ಲೇ: ಬರುವ ಸುಗ್ಗಿಗೆ ಹತ್ತರಷ್ಟು ರಾಗಿ ಕೂಡಿಡುವುದು, ಕಾರ್ಯದರ್ಶಿಗಳು ಮುಂದಾಲೋಚಿಸಿ ಒಂಬತ್ತು ಗುಂಡಿ ತೋಡಲು ಶುರು ಮಾಡಿರುವುದರಿಂದ ಅವರೇ ಅವನ್ನು ಪೂರ್ತಿ ಮಾಡುವುದು, ಗುರುತಿನ ಜವಾಬ್ದಾರಿ ಶ್ರೀಮತಿ ವೆಂಕಟರತ್ನಮ್ಮನವರದು.

ಸಹಿ ಹಾಕಿ ಗುದ್ದಲಿಗೆ ಕೈ ಹಾಕುವಷ್ಟರಲ್ಲಿ ಅವಳು ದೇವರ ಮನೆಯಿಂದ ದೀಪ ತಂದಳು.

"ಮುಟ್ಟಿ," ಎಂದಳು.

"ಏನಂತ?"

"ಮರ್ತ್ರೆ ಮರ್ತೆ ಅಂತೀನಿ ಅಂತ."

ಅಧ್ಯಕ್ಷರ ಎದುರಿಗೇ ಮುಟ್ಟಿದೆ.