ಸರಕಾರದ ಸಾಲಕ್ಕೆ ಮಾವನ ರುಜು

ಸರಕಾರ ಹೊಸದಾಗಿ ಏನಾದರೂ ಕೊಡಲು ಹೊರಟರೆ ಸಾಕು, ಅದು ಎಂಥದ್ದೆಂದು ಕೇಳಲು ಬಂಟ್ವಾಳದವರು ನೇರ ನನ್ನ ಜಗಲಿಗೇ ಬರುತ್ತಾರೆ. ಬಿ.ಎ. ಮಾಡಿ ಹೈಸ್ಕೂಲಿನಲ್ಲಿ ಪಾಠ ಹೇಳುವ ಹೆಂಗಸಿಗೆ ಗೊತ್ತಿಲ್ಲದ್ದು ಇರಬಹುದೆಂದು ಇಲ್ಲಿ ಯಾರೂ ನಂಬುವುದಿಲ್ಲ. ಕಾಲೇಜು ಮಕ್ಕಳಿಗೆ ಸರಕಾರ ಸಾಲ ಕೊಡುತ್ತದೆಂಬ ಸುದ್ದಿ ಬಂದ ವರ್ಷವೂ ಹಾಗೇ ಆಯಿತು.

೧. ಬಹುಮಾನ

ಮೊದಲು ಬಂದವರು ಪಕ್ಕದ ಮನೆಯಾಕೆ. ಅವರ ಮಗಳು ನನ್ನ ಹಳೆಯ ಶಿಷ್ಯೆ, ಪಿ.ಯು.ಸಿ.ಯಲ್ಲಿ ಫಸ್ಟ್ ಕ್ಲಾಸ್. ಮಂಗಳೂರಿನ ಹಾಸ್ಟೆಲಿನಲ್ಲಿದ್ದು ಬಿ.ಎ. ಓದಬೇಕೆಂದು ಅವಳ ಹಟ. ಸಾಲ ಸಿಕ್ಕಿದರೆ ಓದು, ಇಲ್ಲದಿದ್ದರೆ ಮದುವೆ.

"ಒಳ್ಳೆಯ ಅಂಕ ತೆಗೆದವರಿಗೆ ಮಾತ್ರ ಕೊಡುವುದಂತೆ" ಎಂದೆ.

"ಫೇಲಾದವರಿಗೆ?"

"ಇಲ್ಲ."

"ನೋಡಿ ಟೀಚರ್, ಇವಳು ಕಣ್ಣು ಹಾಳುಮಾಡಿಕೊಂಡು ಓದಿದ್ದಕ್ಕೆ ಸಾಲ. ಇವಳ ಅಣ್ಣ ಫೇಲಾಗಿ ಹಾಯಾಗಿದ್ದಾನೆ!"

೨. ತಂದೆಯ ಆದಾಯ

ಆದಾಯದ ಸರ್ಟಿಫಿಕೇಟಿಗೆಂದು ಹುಡುಗಿಯ ಅಪ್ಪ ಬೆಳ್ತಂಗಡಿಯಿಂದ ಬಸ್ಸಿನಲ್ಲಿ ಬಂದರು. ಅಳಿಯಸಂತಾನದ ಮನೆತನ; ಅಪ್ಪ ಇರುವುದು ತನ್ನ ಅಕ್ಕನ ಮನೆಯಲ್ಲಿ, ಮಕ್ಕಳು ತಾಯಿಯ ಮನೆಯಲ್ಲಿ. ತಾಲೂಕು ಕಚೇರಿಗೆ ನಾನೂ ಜೊತೆಗೆ ಹೋದೆ. ಗುಮಾಸ್ತರು ಘಟ್ಟದ ಮೇಲಿನವರು, ಊರಿಗೆ ಹೊಸಬರು.

"ನಿಮ್ಮ ಆಸ್ತಿ ಎಲ್ಲಿದೆ?"

"ಅದು ನನ್ನ ಅಕ್ಕನ ಮಕ್ಕಳಿಗೆ."

"ಮಗಳನ್ನ ಓದಿಸೋರು?"

"ಅವಳ ಸೋದರಮಾವ."

"ಆ ಮಾವನಿಗೆ ಮಕ್ಕಳಿಲ್ವಾ?"

"ಉಂಟಲ್ಲ. ಅವರನ್ನು ಅವರ ಮಾವ ನೋಡಿಕೊಳ್ತಾನೆ."

ಗುಮಾಸ್ತರು ಪೆನ್ನು ಕೆಳಗಿಟ್ಟು ನನ್ನತ್ತ ತಿರುಗಿದರು. "ಈ ತಾಲೂಕಲ್ಲಿ ಸ್ವಂತ ಮಕ್ಕಳನ್ನ ಓದಿಸೋರು ಒಬ್ಬರಾದ್ರೂ ಇದ್ದಾರೇನಮ್ಮ?"

೩. ಮಾವನ ವಿಚಾರಣೆ

ಹೀಗೆ ಜಾಮೀನಿನ ರುಜು ಮಾವನ ತಲೆಗೆ ಬಂತು. ಅವರು ಮನೆಯ ಯಜಮಾನರು. ಯಜಮಾನಿಕೆ ದೊಡ್ಡದು, ಹತ್ತಾರು ಜನರಿಗೆ ಹಂಚಿದ ಮೇಲೆ ಉಳಿಯುವುದು ಅಷ್ಟಕ್ಕಷ್ಟೆ. ಹೆಣ್ಣುಮಗಳು ಸಾಲ ಮಾಡುವುದು ಮರ್ಯಾದೆಯಲ್ಲ ಎಂದು ಮುಖ ಗಂಟಿಕ್ಕಿಯೇ ನನ್ನಲ್ಲಿಗೆ ಬಂದರು.

"ಬಡ್ಡಿ ಎಷ್ಟು?"

"ಬಡ್ಡಿ ಇಲ್ಲ."

"ಅಡವು?"

"ಬೇಡ. ಓದು ಮುಗಿಸಿ ಟೀಚರಾದರೆ ವರ್ಷಕ್ಕಿಷ್ಟು ಅಂತ ಸಾಲವನ್ನೂ ಬಿಟ್ಟುಬಿಡ್ತಾರೆ."

"ಸಂಬಳ?"

"ಅದು ಬೇರೆ ಕೊಡ್ತಾರೆ."

ಮಾವ ಬಹಳ ಹೊತ್ತು ಎಲೆಗೆ ಸುಣ್ಣ ಸವರಿದರು. ಆಮೇಲೆ ಮರುಕದಿಂದ ಕೇಳಿದರು: "ಟೀಚರ್, ಈ ಸರಕಾರಕ್ಕೆ ಮನೆಯಲ್ಲಿ ಹಿರಿಯರು ಅಂತ ಯಾರೂ ಇಲ್ಲವಾ?"

ರುಜು ಮಾತ್ರ ಹಾಕಲಿಲ್ಲ.

೪. ಮೂಡಬಿದ್ರಿಯ ವರ

ಅರ್ಜಿ ಕಳಿಸಲು ಕೊನೆಯ ದಿನ. ಅಂದೇ ಮಾವ ಮೂಡಬಿದ್ರಿಯಿಂದ ಗಂಡಿನ ಕಡೆಯವರನ್ನು ಕರೆಸಿದ್ದರು. ನನಗೂ ಕರೆಯಿತ್ತು. ಹುಡುಗಿ ಕಾಫಿ, ಕಡಲೆಬೇಳೆಯ ಅಂಬಡೆ ತಂದಿಟ್ಟು ಗೋಡೆ ನೋಡುತ್ತ ನಿಂತಳು. ಗಂಡಿನ ಕಡೆಯ ಹಿರಿಯರು ಗಂಟಲು ಸರಿಮಾಡಿಕೊಂಡರು.

"ಹುಡುಗಿ ಸರಕಾರದಿಂದ ಸಾಲ ತೆಗೆಯುವ ಅಂದಾಜಿನಲ್ಲಿದ್ದಾಳಂತೆ? ಅಂಥದ್ದೆಲ್ಲ ನಮ್ಮಲ್ಲಿ ಇಲ್ಲ."

ಅದುವರೆಗೆ ಆ ಸಾಲವನ್ನು ಬೈಯುತ್ತಿದ್ದ ಮಾವ ಸೆಟೆದು ಕೂತರು. "ಅದು ಕೇಳಿದವರಿಗೆಲ್ಲ ಕೊಡುವ ಸಾಲ ಅಲ್ಲ ಮಾರಾಯ್ರೆ. ಅಂಕ ನೋಡಿ, ಆರಿಸಿ ಕೊಡುವುದು. ನಿಮ್ಮ ಹುಡುಗ ಕೇಳಿ ನೋಡಲಿ!"

ಹುಡುಗ ಪಾಪ, ಸತ್ಯವಂತ. ತಲೆ ತಗ್ಗಿಸಿ ಹೇಳಿದ: "ಕೇಳಿದ್ದೆ. ಅಂಕ ನೋಡಿ ಅರ್ಜಿಯನ್ನೇ ವಾಪಸು ಕೊಟ್ಟರು."

ಹಿರಿಯರು ಬಾಯಿಗೆ ಹಾಕಿದ ಅಂಬಡೆ ಅಲ್ಲೇ ನಿಂತಿತು. ಮಾವ ಹುಡುಗನನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸೋದರಸೊಸೆಯ ಕಡೆ ಕೈಚಾಚಿದರು.

"ಮಗಾ, ಆ ಅರ್ಜಿ ಇತ್ತ ತಾ. ಸರಕಾರ ಸಾಲ ಕೂಡ ಕೊಡದವನಿಗೆ ನಾನು ಹೆಣ್ಣು ಕೊಡುವುದಾ?"